ಚಾಲು ಅಂದ್ರ ಸಾಕು

ಇಳಕಲ್ಲಿನಲ್ಲಿ ಪದ್ಮಸಾಲಿಗರ ಮನೆಗಳು ಆಗ ಒಂಬತ್ತೇ ಒಂಬತ್ತು. ಎಂಟು ಮನೆಯವರು ಒಬ್ಬರಿಗೊಬ್ಬರು ಅಣ್ಣತಮ್ಮಂದಿರು, ಒಂಬತ್ತನೆಯದರಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಹೀಗಾಗಿ ನೇಕಾರ ತಿಮ್ಮಣ್ಣ ಮದುವೆಯ ವಯಸ್ಸಿಗೆ ಬಂದು ಓಣಿಯಲ್ಲಿ ಕಣ್ಣಾಡಿಸಿದಾಗ ಕಂಡ ಹುಡುಗಿಯರೆಲ್ಲ ಲೆಕ್ಕದಲ್ಲಿ ತಂಗಿಯರೇ ಆಗಿದ್ದರು. ಇಪ್ಪತ್ತಾರು ತುಂಬಿತು. ಹೊಸ ಮಗ್ಗ ಬಂತು, ಮಾಡಿಗೆ ಹೊಸ ತೊಲೆ ಬಿತ್ತು, ಹೆಂಡತಿ ಮಾತ್ರ ಬರಲಿಲ್ಲ.

ತಿಮ್ಮಣ್ಣನಿಗಿಂತ ಹೆಚ್ಚು ಕಂಗಾಲಾದವಳು ಅವನ ಅಕ್ಕ ಇಂದ್ರವ್ವ. ತಾಯಿ ಸತ್ತಾಗ ಎರಡು ವರ್ಷದವನಾಗಿದ್ದ ತಮ್ಮನನ್ನು ಸಾಕಿ ಬೆಳೆಸಿದವಳು ಅವಳೇ. ಆ ಒಂಬತ್ತನೆಯ ಮನೆಯೇ ಅವಳ ಗಂಡನದು, ಅಲ್ಲಿ ಮುಂಜಾನೆ ಒಂದು ಬುಟ್ಟಿ ರೊಟ್ಟಿ ಬಡಿದು, ಮತ್ತೆ ಇಲ್ಲಿಗೆ ಬಂದು ಇವನಿಗೊಂದು ಬುಟ್ಟಿ ಬಡಿಯುತ್ತಿದ್ದಳು. ಅವಳ ಅಂಗೈ ನೋಡಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು.

ಇಂಥದ್ದರಲ್ಲಿ ಸೋಲಾಪುರದಿಂದ ಒಂದು ಕಾಗದ ಬಂತು. ಅಲ್ಲಿ ತೆಲುಗರ ಪೇಟೆ ಎಂದೇ ಒಂದು ಪೇಟೆ. ಬರಗಾಲದಲ್ಲಿ ನಿಜಾಮನ ಸೀಮೆಯಿಂದ ಮಗ್ಗದ ಸಾಮಾನು ತಲೆಯ ಮೇಲೆ ಹೊತ್ತು ನಡೆದು ಬಂದ ಪದ್ಮಸಾಲಿಗರ ಮಕ್ಕಳು ಮೊಮ್ಮಕ್ಕಳು ಅಲ್ಲಿ ತುಂಬಿಕೊಂಡಿದ್ದರು. ಅವರಲ್ಲಿ ಒಬ್ಬನಿಗೆ ರಂಗವ್ವ ಎಂಬ ಹತ್ತೊಂಬತ್ತರ ಮಗಳಿದ್ದಳು. ಅಷ್ಟು ವಯಸ್ಸಾದರೂ ಅವಳ ಮದುವೆಯಾಗದಿರುವುದಕ್ಕೆ ಕಾರಣ ಆ ಮನೆಯ ಅಜ್ಜಿ. ತಮ್ಮ ಮಾತು ಮರೆತವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಹಟ ಹಿಡಿದು ಆಗಲೇ ಐದು ವರಗಳನ್ನು ಹೊಸಿಲಿನಿಂದಲೇ ಹಿಂದಕ್ಕೆ ಕಳಿಸಿದ್ದಳು. ಹುಡುಗ ತೆಲುಗು ಬಲ್ಲವನಾದರೆ ಬಂದು ಹೋಗಲಿ ಎಂದು ಕಾಗದದಲ್ಲಿ ಬರೆದಿತ್ತು.

ತಿಮ್ಮಣ್ಣನ ಮನೆಯಲ್ಲಿ ತೆಲುಗು ಮುತ್ತಜ್ಜನ ಜೊತೆಗೇ ಮಣ್ಣಾಗಿತ್ತು. ಆದರೂ ಇಂದ್ರವ್ವ, ಹುಡುಗ ಬಲ್ಲ, ಬರುತ್ತಾನೆ ಎಂದು ತಿರುಗಿ ಬರೆಸಿಬಿಟ್ಟಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿಲ್ಲವೇ? ಇವಳು ಹೇಳಿದ್ದು ಒಂದೇ, ಇನ್ನೂ ಒಂಬೈನೂರ ತೊಂಬತ್ತೊಂಬತ್ತು ಕೈಯಲ್ಲಿದ್ದವು.

ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ತಿಮ್ಮಣ್ಣ ಮಗ್ಗಕ್ಕೇರಿಸಿದ್ದ ಹಾಸೂ ಆಗಷ್ಟೇ ಮುಗಿದಿತ್ತು. ಸೋಲಾಪುರ ನೋಡಿ ಬರುತ್ತೇವೆ, ಗಿರಣಿಯ ಚಿಮಣಿ, ಸಿದ್ಧರಾಮೇಶ್ವರನ ಕೆರೆ, ಎರಡೇ ದಿನ ಎಂದು ಇಂದ್ರವ್ವ ಓಣಿಯಲ್ಲೆಲ್ಲ ಹೇಳಿದಳು. ಹೆಣ್ಣು ನೋಡಲು ಎಂದು ಹೇಳಿ ಬರಿಗೈಲಿ ಬಂದರೆ ಓಣಿಯವರು ಆರು ತಿಂಗಳು ಆಡಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಎರಡು ದಿನದ ಊರು ನೋಡಲು ಬಾಗಲಕೋಟೆಯ ತನಕ ಒಂದು ದಿನ ಎತ್ತಿನ ಬಾಲ ನೋಡಬೇಕಿತ್ತು, ಅಲ್ಲಿಂದ ಇನ್ನೊಂದು ದಿನ ರೈಲು. ಹುನಗುಂದ ದಾಟುವ ಹೊತ್ತಿಗೆ ಇಂದ್ರವ್ವನ ಸೊಂಟ ಬಿದ್ದುಹೋಗಿತ್ತು.

ಜೊತೆಗೆ ನಜೀರಸಾಬ ಇದ್ದ. ನೂಲಿಗೆ ಬಣ್ಣ ಹಾಕುವ ಹಿರಿಯ, ತಿಂಗಳಿಗೊಮ್ಮೆ ನೂಲು ತರಲು ಸೋಲಾಪುರಕ್ಕೆ ಹೋಗುವವನು, ಸಂತೆಗೆ ಬೇಕಾಗುವಷ್ಟು ತೆಲುಗು ಬಲ್ಲವನು. ರೈಲು ವಿಜಾಪುರ ಬಿಟ್ಟ ಮೇಲೆ ತಿಮ್ಮಣ್ಣ ಅವನ ಪಕ್ಕಕ್ಕೆ ಸರಿದು, ಹೇಗಾದರೂ ಮಾಡಿ ಒಂದಿಷ್ಟು ತೆಲುಗು ಕಲಿಸಬೇಕೆಂದು ಗೋಗರೆದ. ನಜೀರಸಾಬ ಗಡ್ಡ ನೀವಿಕೊಂಡು ನಕ್ಕ. ಹುಟ್ಟಿದಾಗಿನಿಂದ ಕಲಿಯದ್ದನ್ನು ಹೊಟಗಿ ಸ್ಟೇಶನ್ ಬರುವುದರೊಳಗೆ ಕಲಿಯುವುದು ಆಗದ ಮಾತು, ಬಾಯಿ ಮುಚ್ಚಿಕೊಂಡು ಕುಳಿತರೆ ಗಂಭೀರ ಹುಡುಗ ಎನ್ನುತ್ತಾರೆ ಎಂದ. ಆಮೇಲೆ ಏನೋ ನೆನಪಾಗಿ ಸೇರಿಸಿದ:

"ಆದ್ರ ಉಣ್ಣಾಕ ಕುಂತಾಗ ಒಂದ ಮಾತು ಬೇಕಾಗ್ತದ ನೋಡು. ಅವರ ಮಂದಿ ಭಾಳ ಬಡಸ್ತಾರ. ಅಲ್ಲೆ, ಚಾಲು ಅಂದ್ರ ಸಾಕು."

ತಿಮ್ಮಣ್ಣ ತಲೆಯಾಡಿಸಿದ. ಚಾಲು! ಇದು ತನಗೆ ಗೊತ್ತಿದ್ದ ಮಾತೇ. ಮಗ್ಗ ಚಾಲು, ಗಿರಣಿ ಚಾಲು, ಅಕ್ಕನ ಬಾಯಿ ಚಾಲು. ಬಡಿಸುವುದು ಚಾಲು ಇರಲಿ ಎಂದರೆ ಆಯಿತು, ಅಷ್ಟಂದರೆ ಸಾಕು. ತೆಲುಗು ಇಷ್ಟು ಸುಲಭ ಎಂದು ಗೊತ್ತಿದ್ದರೆ ಎಂದೋ ಕಲಿತುಬಿಡುತ್ತಿದ್ದೆ ಎಂದುಕೊಂಡು ನಿಶ್ಚಿಂತೆಯಿಂದ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ.

ಸೋಲಾಪುರದಲ್ಲಿ ಇಳಿದಾಗ ಅಮಾವಾಸ್ಯೆಯ ಇಳಿಹೊತ್ತು. ನಜೀರಸಾಬ ನಾಳೆ ಸಂಜೆ ಬಂದು ಕರೆದೊಯ್ಯುವೆನೆಂದು ಅವರನ್ನು ತೆಲುಗರ ಪೇಟೆಯ ಬಾಯಿಗೆ ಬಿಟ್ಟು ತನ್ನ ದಲ್ಲಾಳಿಯ ಮನೆಗೆ ಹೋದ. ಪೇಟೆಯ ಉದ್ದಕ್ಕೂ ಕೆಂಪು ಹಳದಿ ನೂಲಿನ ಲಡಿಗಳು ಗಳಕ್ಕೆ ಜೋತುಬಿದ್ದಿದ್ದವು. ಕಟ್ಟೆಯ ಮೇಲಿದ್ದ ಹೆಂಗಸರು ಬಿರುಸು ತೆಲುಗಿನಲ್ಲಿ ಮಾತಾಡುತ್ತ ಇವರನ್ನು ಕಂಡು ಒಮ್ಮೆಲೇ ಸುಮ್ಮನಾದರು. ತಿಮ್ಮಣ್ಣನ ಮುತ್ತಜ್ಜ ಆಡುತ್ತಿದ್ದ ಮಾತು ಇಲ್ಲಿ ಬೀದಿಯಲ್ಲಿ ಚೆಲ್ಲಾಡುತ್ತಿತ್ತು, ಅವನಿಗೆ ಅದರಲ್ಲಿ ಒಂದು ಹನಿಯೂ ತಿಳಿಯಲಿಲ್ಲ.

ಮನೆಯಲ್ಲಿ ಅಜ್ಜಿಯದೇ ಆಳ್ವಿಕೆ. ಹುಡುಗಿಯ ತಂದೆ ಗಿಡ್ಡ ಮನುಷ್ಯ, ಹೊರಗೆ ಕನ್ನಡ ಮರಾಠಿ ಎರಡೂ ಆಡುವವನು. ಹೊಸಿಲು ದಾಟಿ ಒಳಗೆ ಬಂದರೆ ತಾಯಿಯ ಅಂಜಿಕೆಗೆ ತೆಲುಗನ್ನೇ ಆಡುತ್ತಿದ್ದ, ಅದನ್ನೂ ಅಷ್ಟಕ್ಕಷ್ಟೇ. ಅಜ್ಜಿ ಏನು ಕೇಳಿದರೂ ತಿಮ್ಮಣ್ಣ ಗಂಭೀರವಾಗಿ ತಲೆಯಾಡಿಸಿದ. ಊಟಕ್ಕೆ ಎಲೆ ಬಿತ್ತು. ಪುಂಡಿಪಲ್ಯ, ಅನ್ನ, ಹುಳಿ, ಆಮೇಲೆ ಅಜ್ಜಿಯೇ ಕೈಯಾರೆ ಹೋಳಿಗೆಯ ಬುಟ್ಟಿ ಹಿಡಿದು ಬಂದಳು. ಎರಡು ದಿನ ಬುತ್ತಿಯ ಒಣರೊಟ್ಟಿ ತಿಂದಿದ್ದ ತಿಮ್ಮಣ್ಣನಿಗೆ ಆ ತುಪ್ಪದ ವಾಸನೆಗೆ ಕಣ್ಣು ತುಂಬಿ ಬಂದವು. ಒಂದು ಹೋಳಿಗೆ ಬಿತ್ತು. ಅಜ್ಜಿ ಎರಡನೆಯದನ್ನು ಎತ್ತಿ ಅವನ ಮುಖ ನೋಡಿದಳು. ಇದೇ ಸಮಯ ಎಂದು ತಿಮ್ಮಣ್ಣ ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಅಂದ: "ಚಾಲು."

ತೆಲುಗಿನಲ್ಲಿ ಚಾಲು ಎಂದರೆ ಆಯಿತು, ಇನ್ನು ಬೇಡ ಎಂದರ್ಥ. ನಿಮಗೆ ಈಗ ಗೊತ್ತಾಯಿತು, ಅವನಿಗಿನ್ನೂ ಆಗಿರಲಿಲ್ಲ. ಅಜ್ಜಿ ಮೆಚ್ಚಿಗೆಯಿಂದ ತಲೆದೂಗಿ ಎತ್ತಿದ ಹೋಳಿಗೆಯನ್ನು ಬುಟ್ಟಿಗೆ ಹಾಕಿದಳು. ಅನ್ನ ಬಂತು. "ಚಾಲು" ಎಂದ. ಅನ್ನವೂ ಹಿಂದಕ್ಕೆ ಹೋಯಿತು. ತುಪ್ಪದ ಗಿಂಡಿಗೆ ಆಸೆಯಿಂದ ಇನ್ನೂ ಗಟ್ಟಿಯಾಗಿ "ಚಾಲು, ಚಾಲು" ಎಂದ. ಗಿಂಡಿ ಒಳಗೇ ಹೋಯಿತು. ಒಂದು ಹೋಳಿಗೆಯ ಮೇಲೆ ನೀರು ಕುಡಿದು ಎದ್ದ. ಒಳಗೆ ಹೆಂಗಸರ ಪಂಕ್ತಿಯಲ್ಲಿ ಕುಳಿತ ಇಂದ್ರವ್ವ ತನಗೆ ಒಂದಕ್ಷರ ತೆಲುಗೂ ಬರದ ಕಾರಣ ಸುಮ್ಮನೆ ಕೈ ಅಡ್ಡ ಹಿಡಿದು ನಾಚಿದಳು. ಅವಳ ಎಲೆಗೆ ಏಳು ಹೋಳಿಗೆ ಬಿದ್ದವು. ಮುಂಜಾನೆ ಎದ್ದು ಹೊಟ್ಟೆ ಉಬ್ಬರವೆಂದು ಅವಳು ಗೊಣಗಿದಾಗ ತಿಮ್ಮಣ್ಣನಿಗೆ ಜೀವಮಾನದಲ್ಲಿ ಮೊದಲ ಬಾರಿ ಅಕ್ಕನ ಮೇಲೆ ಸಿಟ್ಟು ಬಂತು.

ಮರುದಿನ ಪಾಡ್ಯ, ಪೇಟೆಯ ಮಗ್ಗಗಳೆಲ್ಲ ಮತ್ತೆ ದನಿ ತೆಗೆದವು. ಅಜ್ಜಿ ತಿಮ್ಮಣ್ಣನನ್ನು ಮಗ್ಗದ ಕೋಣೆಗೆ ಕರೆದು ನೇಕಾರ ಕಾಲಿಳಿಬಿಟ್ಟು ಕೂಡುವ ಕುಣಿಯ ಕಡೆ ಬೆರಳು ತೋರಿಸಿದಳು. ನೇಯಿ ನೋಡೋಣ ಎಂಬುದಕ್ಕೆ ಭಾಷೆ ಬೇಕಿಲ್ಲ. ಮಗ್ಗದಲ್ಲಿ ನೀಲಿ ಸೀರೆಯ ಒಡಲು ಮುಗಿಯುತ್ತ ಬಂದಿತ್ತು, ಇನ್ನೊಂದು ಗೇಣು ನೇಯ್ದರೆ ಕೆಂಪು ಸೆರಗು. ಲಾಳಿಯನ್ನು ಕೈಯಿಂದ ಎಸೆಯುವುದಲ್ಲ, ಹಗ್ಗ ಜಗ್ಗಿದರೆ ತಾನೇ ಓಡುವ ಹೊಸ ನಮೂನೆ. ತಿಮ್ಮಣ್ಣ ಅಂಥದ್ದನ್ನು ಮುಟ್ಟಿರಲಿಲ್ಲ. ನಾಲ್ಕು ಸಲ ಜಗ್ಗಿದ ಮೇಲೆ ಕೈಗೆ ಹದ ಸಿಕ್ಕಿತು, ಐದನೆಯ ಸಲಕ್ಕೆ ಹುಚ್ಚು ಹಿಡಿಯಿತು. ಹೊಟ್ಟೆಯ ಹಸಿವೆಲ್ಲ ತೋಳಿಗೆ ಇಳಿದು ಲಾಳಿ ಕಣ್ಣಿಗೆ ಕಾಣದ ಹಾಗೆ ಓಡತೊಡಗಿತು.

ಗೇಣು ಮುಗಿಯಿತು. ಅಜ್ಜಿ ಅಕ್ಕರೆಯಿಂದ ಅಂದಳು, "ಚಾಲು ನಾಯನಾ."

ಮೆಚ್ಚಿದಳು ಎಂದು ತಿಮ್ಮಣ್ಣ ಇನ್ನಷ್ಟು ಬಿರುಸಾದ. ಅಜ್ಜಿ ಚಪ್ಪಾಳೆ ತಟ್ಟಿ "ಚಾಲು, ಚಾಲು" ಎಂದಳು. ಇವನು ಹಲ್ಲು ಕಚ್ಚಿ ಜಗ್ಗಿದ. ಹಾಸಿನ ಎಳೆಗಳ ಮೇಲೆ ಸೆರಗಿನ ಜಾಗಕ್ಕೆ ಕಾವಿಯ ಗುರುತು ಹಾಕಿದ್ದರು. ಇಳಕಲ್ಲಿನಲ್ಲಿ ಸೆರಗಿಗೆ ಬೇರೆ ಹಾಸನ್ನೇ ಕೊಂಡಿ ಹಾಕಿ ಜೋಡಿಸುವುದರಿಂದ ಅಂಥ ಗುರುತು ಅವನು ಕಂಡವನಲ್ಲ. ಅಜ್ಜಿ ಕೋಲು ಎತ್ತಿ ನೆಲಕ್ಕೆ ಬಡಿಯುವ ಹೊತ್ತಿಗೆ ಕೆಂಪು ಸೆರಗು ಇರಬೇಕಾದಲ್ಲಿ ಒಂದು ಮೊಳ ನೀಲಿ ಬಟ್ಟೆ ಹೊಳೆಯುತ್ತಿತ್ತು.

ಬಾಗಿಲಲ್ಲಿದ್ದ ಇಂದ್ರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಏನು ತಪ್ಪಾಯಿತೆಂದು ಬಟ್ಟೆ ನೋಡಿದ ಮೇಲೆ ತಿಮ್ಮಣ್ಣನಿಗೆ ತಿಳಿಯಿತು, ನೇಕಾರನಲ್ಲವೇ. ಯಾರೂ ಹೇಳುವ ಮೊದಲೇ ತಲೆ ತಗ್ಗಿಸಿ ಹೊಕ್ಕಿನ ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಅಜ್ಜಿ ಏನೋ ಗೊಣಗಿ, ಬಿಚ್ಚಿದ ನೂಲು ಹಾಳಾಗಬಾರದೆಂದು ರಂಗವ್ವನನ್ನು ಕರೆದು ರಾಟಿಯ ಮುಂದೆ ಕೂಡಿಸಿ ಇಂದ್ರವ್ವನನ್ನೂ ಕರೆದುಕೊಂಡು ಹೊರಗೆ ಹೋದಳು. ಇವನು ಎಳೆ ಬಿಚ್ಚಿ ಕೊಡುವುದು, ಅವಳು ಸುತ್ತಿಕೊಳ್ಳುವುದು.

ಸ್ವಲ್ಪ ಹೊತ್ತಾದ ಮೇಲೆ ಅವಳು ರಾಟಿಯ ಸದ್ದಿನ ಮರೆಯಲ್ಲಿ ಕನ್ನಡದಲ್ಲೇ ಕೇಳಿದಳು, "ಅಜ್ಜಿ ನಿಮಗ ಕಿವುಡು ಅಂತಾಳ್ರಿ. ಖರೇನ?"

ತಿಮ್ಮಣ್ಣನ ಕೈಯಿಂದ ಎಳೆ ಜಾರಿತು. ಅವಳಿಗೆ ಕನ್ನಡ ಹೇಗೆ ಬರುತ್ತದೆ ಎಂದು ಕೇಳಿದ. ಪೇಟೆಯ ಆಚೆ ದಂಡೆಗೆಲ್ಲ ಕನ್ನಡದವರೇ, ನೀರಿಗೆ ಹೋದಲ್ಲಿ ಕಲಿತೆ, ಮನೆಯಲ್ಲಿ ಆಡಿದರೆ ಅಜ್ಜಿ ಹೊಡೆಯುತ್ತಾಳೆ ಎಂದಳು. ಆಮೇಲೆ ಅವಳು ಮೆಲ್ಲಗೆ ಗುಟ್ಟು ಬಿಚ್ಚಿದಳು.

"ಚಾಲು ಅಂದ್ರ ಸಾಕು."

"ನಜೀರಸಾಬ್ರೂ ಅದನ್ನ ಹೇಳ್ಯಾರ. ನಿನ್ನೆಯಿಂದ ಅನ್ನಾಕತ್ತೇನಿ, ಏನೂ ಸಾಕಾಗವಲ್ದು" ಎಂದ ತಿಮ್ಮಣ್ಣ.

ರಂಗವ್ವ ರಾಟಿ ನಿಲ್ಲಿಸಿದಳು. ಎಡಗೈಯನ್ನು ಎಲೆಯಂತೆ ಚಾಚಿ, ಅದರ ಮೇಲೆ ಬಲಗೈ ಅಡ್ಡ ಹಿಡಿದು, ಬೇಡ ಬೇಡ ಎಂದು ತಲೆಯಾಡಿಸಿ ತೋರಿಸಿದಳು. ಆಗ ತಿಮ್ಮಣ್ಣನಿಗೆ ಹೋಳಿಗೆಯ ಬುಟ್ಟಿ, ತುಪ್ಪದ ಗಿಂಡಿ, ಅಜ್ಜಿಯ ಚಪ್ಪಾಳೆ ಎಲ್ಲ ಒಂದೇ ಸಲ ಕಣ್ಣಮುಂದೆ ಹಾದು ಹೋದವು. ಅವನ ಮುಖ ನೋಡಿ ಅವಳು ಸೆರಗು ಬಾಯಿಗೆ ತುರುಕಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು. ಅವನಿಗೂ ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಅವಳು ಒಳಗೆ ಹೋಗಿ ಸೆರಗಿನಲ್ಲಿ ಮುಚ್ಚಿ ಎರಡು ಹೋಳಿಗೆ ತಂದು ಮಗ್ಗದ ಕಟ್ಟೆಯ ಮೇಲಿಟ್ಟಳು. ತಿಮ್ಮಣ್ಣನಿಗೆ ಬೇರೆ ಹುಡುಗಿಯನ್ನು ನೋಡುವ ಆಸೆ ಅಲ್ಲಿಗೆ ಮುಗಿಯಿತು. ಇವಳು ಸಿಗದಿದ್ದರೆ ಊರಿಗೆ ಹೋಗಿ ಯಾವ ಮುಖದಿಂದ ಮಗ್ಗಕ್ಕೆ ಕೂಡಲಿ ಎಂದು ಅವನಿಗೆ ಖರೆಯಾಗಿಯೂ ಅಳು ಬಂತು.

ಸಂಜೆ ನಜೀರಸಾಬ ಬಂದು ಹೊಸಿಲಿನಾಚೆ ನಿಂತ. ಅಜ್ಜಿ ಮಗ್ಗದ ಬಳಿ ಹೋಗಿ ಬಿಚ್ಚಿದ ಹಾಸಿನ ಮೇಲೆ ಅಂಗೈ ಆಡಿಸಿದಳು. ಮೊಳದುದ್ದ ಬಿಚ್ಚಿದರೂ ಒಂದೆಳೆ ಹರಿದಿರಲಿಲ್ಲ. ಅವಳ ಹುಬ್ಬಿನ ಗಂಟು ಸಡಿಲಾಯಿತು. ಪಡಸಾಲೆಯಲ್ಲಿ ಬಂದು ಕುಳಿತು ರಂಗವ್ವನನ್ನು ಪಕ್ಕಕ್ಕೆ ಕರೆದಳು. ಆಗಲೇ ಹುಡುಗಿಯ ಚಿಕ್ಕಪ್ಪನ ಮಗಳೊಬ್ಬಳು ಎಲೆಯಡಿಕೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಅಜ್ಜಿ ರಂಗವ್ವನ ತಲೆ ಸವರಿ, ಬಾಗಿಲ ಹುಡುಗಿಯ ಕಡೆ ಕೈ ತೋರಿಸಿ, ಮತ್ತೆ ರಂಗವ್ವನ ಕಡೆ ತೋರಿಸಿ, ತಿಮ್ಮಣ್ಣನಿಗೆ ಉದ್ದನೆಯ ಪ್ರಶ್ನೆಯೊಂದನ್ನು ಕೇಳಿದಳು.

ತಿಮ್ಮಣ್ಣ, ಇದು ಬೇಡವಾದರೆ ಅದೂ ಉಂಟು, ಇನ್ನೊಂದನ್ನು ನೋಡುತ್ತೀಯಾ ಎಂದೇ ಕೇಳುತ್ತಿದ್ದಾಳೆ ಎಂದುಕೊಂಡ. ಇನ್ನೊಂದು ಬೇಡ, ಇವಳೊಬ್ಬಳೇ ಸಾಕು ಎನ್ನಬೇಕು. ತೆಲುಗಿನ ಸರಿಯಾದ ಮಾತು ಈಗ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎರಡು ದಿನದಲ್ಲಿ ಒಂದು ಬುಟ್ಟಿ ಹೋಳಿಗೆ ಕಸಿದು ಒಂದು ಸೆರಗು ಕೆಡಿಸಿದ ಆ ಮಾತನ್ನು ಇನ್ನೊಮ್ಮೆ ನಂಬಲು ಅವನಿಗೆ ಧೈರ್ಯ ಬರಲಿಲ್ಲ. ಬಂದದ್ದು ಬರಲಿ ಎಂದು ರಂಗವ್ವನ ಕಡೆ ನೋಡಿ ತನ್ನ ಮಾತಿನಲ್ಲೇ ಗಟ್ಟಿಯಾಗಿ ಅಂದುಬಿಟ್ಟ:

"ಸಾಕು."

ಅಜ್ಜಿ ಕಣ್ಣಲ್ಲಿ ನೀರು ತುಂಬಿಕೊಂಡು ಮಗನ ಕಡೆ ತಿರುಗಿದಳು. "ಸಾಕುತಾಡಂಟ" ಎಂದಳು.

ಆಮೇಲೆ ಮನೆ ತುಂಬ ಸಡಗರ. ಸಕ್ಕರೆ ಬಂತು, ಇಂದ್ರವ್ವನ ಹಣೆಗೆ ಕುಂಕುಮ ಬಂತು. ಹುಡುಗ ಆಡಿದ್ದು ಎರಡೇ ಮಾತು, ಎರಡೂ ಶುದ್ಧ ತೆಲುಗು ಎಂದು ಅಜ್ಜಿ ಬೀದಿಯ ಹೆಂಗಸರಿಗೆ ಕೂಗಿ ಹೇಳಿದಳು. ಎರಡೂ ಕಡೆಯ ಮಾತು ತಿಳಿದವರು ಮೂವರೇ, ರಂಗವ್ವ, ಅವಳ ತಂದೆ ಮತ್ತು ಹೊಸಿಲಿನಾಚೆಯ ನಜೀರಸಾಬ. ಅವಳು ನೆಲ ನೋಡುತ್ತಿದ್ದಳು, ತಂದೆ ತಾಯಿಯ ಅಂಜಿಕೆಗೆ ಮಾಡು ನೋಡುತ್ತಿದ್ದ, ನಜೀರಸಾಬ ಗಡ್ಡ ನೀವಿಕೊಳ್ಳುತ್ತಿದ್ದ.

ರೈಲಿನಲ್ಲಿ ನಜೀರಸಾಬ ಬಿಡಿಸಿ ಹೇಳಿದ. ಇಲ್ಲಿ ಎಲೆಯಡಿಕೆ ಕೊಡುವುದಕ್ಕೂ ಇವಳಿಗೊಬ್ಬಳು ತಂಗಿ ಇದ್ದಾಳೆ, ಅಷ್ಟು ದೂರದ ಊರಿನಲ್ಲಿ ಇವಳನ್ನು ಯಾರು ಸಾಕುತ್ತಾರೆ ಎಂದು ಅಜ್ಜಿ ಕೇಳಿದ್ದಳು. ಸಾಕುವುದು ಎಂಬ ಮಾತು ತೆಲುಗಿನಲ್ಲೂ ಅದೇ, ಕನ್ನಡದಲ್ಲೂ ಅದೇ, ತಿಮ್ಮಣ್ಣನ ಸಾಕು ಅವಳಿಗೆ ಸಾಕುತ್ತೇನೆ ಎಂದು ಕೇಳಿಸಿತ್ತು. ಇಂದ್ರವ್ವ ಕೇಳಿ ದಂಗಾದಳು. ತಾನು ತಮ್ಮನನ್ನು ಸಾಕಿದ್ದು ಕೊನೆಗೂ ಈ ಬಗೆಯಲ್ಲಿ ಕೈಗೂಡಿತಲ್ಲ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಕೆರೆಯನ್ನೂ ಚಿಮಣಿಯನ್ನೂ ನೋಡುವುದೇ ಮರೆತುಹೋಯಿತೆಂದು ನೆನಪಾಗಿ ಬಾಗಲಕೋಟೆಯ ತನಕ ತಮ್ಮನನ್ನು ಬೈದಳು.

ಲಗ್ನವಾಗಿ ರಂಗವ್ವ ಇಳಕಲ್ಲಿಗೆ ಬಂದ ಮೇಲಿನ ಮೊದಲ ಅಮಾವಾಸ್ಯೆ. ಮಗ್ಗಕ್ಕೆ ಬಿಡುವು, ಮನೆಯಲ್ಲಿ ಹೋಳಿಗೆ. ಹೊಸ ಹೆಂಡತಿಯ ಕೈಯಿಂದ ನಾಲ್ಕು ತಿಂದ ತಿಮ್ಮಣ್ಣ ಉಸಿರು ಬಿಟ್ಟು, ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಎಂದ. ಅವಳು ಕೈ ಸರಿಸಿ ಐದನೆಯದನ್ನು ಹಾಕಿದಳು.

"ಸಾಕು ಅಂದ್ನೆಲ್ಲ."

"ಅದಕ್ಕ ಸಾಕಾಕತ್ತೇನ್ರಿ" ಎಂದು ರಂಗವ್ವ ಅದರ ಮೇಲೆ ತುಪ್ಪ ಸುರಿದಳು.