ಮಹಡಿಗೆ ಹೋದ ಮೂರು ಮಾತ್ರೆ

ಜಕ್ಕೂರಿನ ಮುನಿಆಂಜಿನಪ್ಪನಿಗೆ ಟಿಬಿ. ಚಿಕಿತ್ಸೆ ಶುರುವಾಗಿ ಎರಡು ತಿಂಗಳು. ಹೆಂಡತಿ ಮುನಿಕೆಂಪಮ್ಮ, ಆಶಾ ಕಾರ್ಯಕರ್ತೆ ಕಲಾವತಿ ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ತಮ್ಮ ವಠಾರದ ಬಾಡಿಗೆಯವರೆಲ್ಲ ಖಾಲಿ ಮಾಡಿಕೊಂಡು ಹೋಗುತ್ತಾರೆಂಬ ಭಯ.

ಅಷ್ಟರಲ್ಲಿ ಅವನಿಗೆ ಕೊರೊನಾ ಬಂತು. ಅದನ್ನು ಮುಚ್ಚಿಡಲಿಲ್ಲ. ಮುನಿಆಂಜಿನಪ್ಪ ಮಹಡಿಯ ಒಂಟಿ ಕೋಣೆ ಸೇರಿದ. ಊಟ ಹಗ್ಗದ ಬುಟ್ಟಿಯಲ್ಲಿ ಮೇಲೆ ಹೋಗುತ್ತಿತ್ತು, ಖಾಲಿ ತಟ್ಟೆ ಕೆಳಗೆ ಬರುತ್ತಿತ್ತು. ಇಡೀ ದಿನ ಮಾತಾಡುವವರಿಲ್ಲ. ಊರಿನ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಹತ್ತಿರ ಬಂದಾಗ ಕೈ ಎತ್ತುತ್ತಿದ್ದ. ಅದು ಕೆರೆಯ ಕಡೆ ತಿರುಗಿ ಹೋಗುತ್ತಿತ್ತು.

ನಾಲ್ಕನೇ ದಿನ ಕಲಾವತಿ ಮಾಸ್ಕ್ ಹಾಕಿಕೊಂಡು ಅಂಗಳಕ್ಕೆ ಬಂದಳು. "ಅಮ್ಮಾ, ಆ ಮಾತ್ರೆ ತಗೊಳ್ತಿದಾರಾ?"

"ಇಲ್ಲ ಕಣಮ್ಮ. ಕೊರೊನಾ ಮಾತ್ರೆನೇ ಉಷ್ಣ. ಇದೂ ಸೇರುದ್ರೆ ತಡೆಯಾಕಾಯ್ತದಾ? ಮೊದ್ಲು ಇದು ವಾಸಿಯಾಗ್ಲಿ."

"ಕೊರೊನಾ ನೋಡಿದ ಡಾಕ್ಟ್ರಿಗೆ, ಇವರಿಗೆ ಟಿಬಿ ಇದೆ ಅಂತ ಹೇಳಿದ್ರಾ?"

"ಮೆಲ್ಲಗೆ! ಆಸ್ಪತ್ರೆ ಕ್ಯೂನಾಗೆ ನಮ್ ಬಾಡ್ಗೆಯೋರೂ ಇದ್ರು. ಎಂಗೇಳಾದು?"

ಕಲಾವತಿ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಔಷಧಿಯ ಹೆಸರೂ ಓದಿ ಹೇಳಿದಳು. ಎರಡನ್ನೂ ತೆಗೆದುಕೊಳ್ಳಬಹುದು, ಟಿಬಿ ಮಾತ್ರೆ ಇವತ್ತೇ ಮತ್ತೆ ಶುರುವಾಗಬೇಕು ಎಂದರು ಡಾಕ್ಟರು.

"ಕೇಳಿದ್ರಾ? ಮಾತ್ರೆ ಬಿಟ್ರೆ ಟಿಬಿ ಇನ್ನೂ ಗಟ್ಟಿಯಾಗತ್ತೆ. ಎರಡೂ ಎದೆಗೆ ಬರೋ ಕಾಯಿಲೆ ಕಣಮ್ಮ."

ಮೇಲಿಂದ ದನಿ ಬಂತು. "ನಾನು ಮಾತ್ರೆ ನುಂಗಿ ಯಾರ್ಗಾಗ್ಬೇಕು ಬುಡು. ಬದ್ಕಿದೀನಾ ಅಂತ ತಟ್ಟೆ ನೋಡೇ ತಿಳ್ಕತೀರ."

ಮುನಿಕೆಂಪಮ್ಮ ಒಳಗೆ ಹೋಗಿ ಮೂರು ಮಾತ್ರೆ, ಒಂದು ಬಾಟಲಿ ನೀರು ತಂದು ಬುಟ್ಟಿಗಿಟ್ಟಳು. "ಟಿಬಿ ಮಾತ್ರೆ ನನ್ ಮುಂದೇನೇ ನುಂಗಿ! ನಾಲ್ಗೆ ತೋರ್ಸಿ!" ಎಂದು ಕೂಗಿದಳು. ವಠಾರಕ್ಕೆಲ್ಲ ಕೇಳಿತು.

ಮರುದಿನವೂ ಅದೇ. ಅವನು ನುಂಗಿದ ಮೇಲೂ ಅವಳು ಅಂಗಳದಲ್ಲೇ ಕೂತು, ಸೊಪ್ಪು ಬಿಡಿಸುತ್ತಾ ಮಾತಾಡಿದಳು. ಬಾಡಿಗೆ ಮನೆಯ ಸಾಕಿಬ್ ಬೈಕ್ ತೆಗೆಯುತ್ತಾ ತಲೆ ಎತ್ತಿ, "ಮಾತ್ರೆ ಆಯ್ತಾ ಅಜ್ಜಾ? ನಮ್ಮಮ್ಮಂಗೂ ಟಿಬಿ ಇತ್ತು. ಆರು ತಿಂಗಳು ನುಂಗಿದ್ರು, ಈಗ ಆರಾಮಾಗಿದಾರೆ" ಎಂದ. ಯಾರೂ ಮನೆ ಖಾಲಿ ಮಾಡಲಿಲ್ಲ.

ಕೊರೊನಾ ವಾಸಿಯಾಗಿ ಅವನು ಕೆಳಗಿಳಿದ. ಮರುದಿನ ಬೆಳಿಗ್ಗೆ ಅವಳು ರೂಢಿಯಂತೆ ಅಂಗಳದಲ್ಲಿ ನಿಂತು ಮಹಡಿ ನೋಡುತ್ತಿದ್ದಳು.

"ಅಲ್ಯಾರವ್ರೆ? ಇಲ್ನೋಡು ಕೆಂಪಿ" ಎಂದು ಅವನು ಹಿಂದಿನಿಂದ ನಾಲಿಗೆ ತೋರಿಸಿದ.

ನಿಮ್ಮ ಮನೆಯಲ್ಲಿ ಟಿಬಿ ಇರುವವರಿಗೆ ಕೊರೊನಾ ಬಂದರೆ ಟಿಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡೂ ಕಾಯಿಲೆಯ ವಿಷಯವನ್ನು ಡಾಕ್ಟರಿಗೆ ಹೇಳಿ. ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ರೋಗಿಯನ್ನು ಬೇರೆ ಕೋಣೆಯಲ್ಲಿ ಇರಿಸಿ, ಕಿಟಕಿ ತೆರೆದಿಡಿ. ದೂರದಲ್ಲೇ ನಿಂತು ದಿನಾ ನಾಲ್ಕು ಮಾತಾಡಿ. ಮಾತ್ರೆ ನುಂಗುವುದಕ್ಕೆ ಅವರಿಗೂ ಒಂದು ಕಾರಣ ಬೇಕು.