ವಾಡೆಯ ಕಟ್ಟೆಯ ಮೇಲೆ ಭೀಮಶಾ

"ಬೊಗಸಿ ಕೆಳಗ ಹಿಡೀಲೇ, ಹೊಲೆ ಸೂಳೇಮಗನ. ನನ್ನ ಗಡಿಗಿ ನಿನ್ನ ಕೈಗಿ ತಾಕ್ತು ಅಂದ್ರ ನಿನ್ನ ಚರ್ಮಾನೇ ಸುಲದು ಹಲಗಿಗಿ ಬಿಗಸ್ತೀನಿ."

ಹೊರಸಿನ ಮೇಲೆ ಕುಳಿತು ಹೀಗೆಂದವನು ಅಮೃತಪ್ಪ ಪಾಟೀಲ. ಗಡಿಗೆ ಬಗ್ಗಿಸಿದವನು ಅವನ ಆಳು. ಹಲಗಿ ಬಾರಿಸುವ ಭೀಮಶಾ ಬೊಗಸೆಯನ್ನು ಗೇಣುದ್ದ ಇಳಿಸಿದ. ಮೇಲಿನಿಂದ ಸುರಿದ ಸಿಂದಿ ಅರ್ಧ ಬೊಗಸೆಗೆ ಬಿತ್ತು, ಅರ್ಧ ಮೊಣಕೈಗುಂಟ ಇಳಿದು ಕಣದ ಮಣ್ಣಿಗೆ ಹೋಯಿತು. ಮಣ್ಣಿಗೆ ಹೋದದ್ದನ್ನು ಕುರಿತು ಕ್ಷಣಕಾಲ ದುಃಖಿಸಿ, ಉಳಿದದ್ದನ್ನು ಭೀಮಶಾ ಕುಡಿದ.

ವಿಲಾಯತಿಯಲ್ಲಿ ಯುದ್ಧ ಶುರುವಾದ ಮರುವರ್ಷದ ಸುಗ್ಗಿ ಅದು. ಊರು ಮೋರಖಂಡಿಯಿಂದ ಎರಡು ಹರದಾರಿ ಆಚೆ. ಹಳ್ಳದ ದಂಡೆಯ ಈಚಲ ಬನವನ್ನು ಪಾಟೀಲ ಸರಕಾರದಿಂದ ಗುತ್ತಿಗೆ ಹಿಡಿದಿದ್ದ. ಹೊಸದಾಗಿ ಇಳಿಸಿದ ಸಿಂದಿ ಮಹೆಬೂಬನ ಬಂಡಿಯಲ್ಲಿ ಹುಮನಾಬಾದಿಗೆ ಹೋಗುತ್ತಿತ್ತು. ಅಲ್ಲಿ ಮಾರಾಟವಾಗದೆ ಹುಳಿತು ಮರಳಿದ ಗಡಿಗೆಗಳನ್ನು ರಾಶಿಯ ಕಣದಲ್ಲಿಟ್ಟು, ಕೇರಿಯ ಗಂಡಸರಿಗೆ ವರ್ಷದ ದುಡಿಮೆಯ ಆಯವೆಂದು ಕುಡಿಸುತ್ತಿದ್ದರು. ಅಜ್ಜಂದಿರ ಕಾಲದಲ್ಲಿ ಆಯವೆಂದರೆ ಜೋಳ. ಈಗ ಹುಮನಾಬಾದಿನ ಸಂತೆ ಒಲ್ಲೆನೆಂದದ್ದೇ ಕೇರಿಯ ಹಕ್ಕು.

ಭೀಮಶಾನ ಹೆಂಡತಿ ಗಯಾಬಾಯಿ ಮುಂದೆ ಬಂದು ಸೆರಗೊಡ್ಡಿದಳು.

"ಪಾಟೀಲ್ರ, ಇವಗ ಕುಡಿಸಿದ್ದು ಕುಡಿಸಿದ್ರಿ. ನಮ್ಮ ಆಯದ ಜ್ವಾಳ ನನ್ನ ಉಡ್ಯಾಗ ಹಾಕ್ರಿ. ಒಲಿ ಹೊತ್ತಿ ಎರಡು ದಿನ ಆತು."

ಪಾಟೀಲ ಭೀಮಶಾನ ಗಂಟಲನ್ನು ಬೆರಳಿಟ್ಟು ತೋರಿಸಿದ.

"ನಿಮ್ಮ ಆಯ ಅಗಾ, ಅಲ್ಲಿ ಇಳ್ಯಾಕತ್ತದ ನೋಡ. ನಿನಗ ಬೇಕಿದ್ರ ಗಂಡನ ಹೊಟ್ಟಿ ಹಿಂಡಿ ತಗೋ."

ಕಣದಲ್ಲಿದ್ದವರೆಲ್ಲ ನಕ್ಕರು. ಎಲ್ಲರ ನಗು ಮುಗಿದ ಮೇಲೆ ಭೀಮಶಾನೂ ನಕ್ಕ. ಗಯಾಬಾಯಿಗೆ ನಟ್ಟದ್ದು ಆ ಕೊನೆಯ ನಗು.

ಭೀಮಶಾ ದುಷ್ಟನಾಗಿರಲಿಲ್ಲವೆಂಬುದನ್ನು ಈ ಕಥೆ ಹೇಳುವವರೆಲ್ಲರೂ ಒಪ್ಪುತ್ತಾರೆ. ಅವನ ಹಲಗಿಯ ಪೆಟ್ಟಿಗೆ ಮುದಿ ಎತ್ತು ಕೂಡ ಹೆಜ್ಜೆ ಬದಲಿಸುತ್ತಿತ್ತು. ಅಮಲಿಲ್ಲದ ದಿನ ಹೆಂಡತಿಯ ಹರಿದ ಚಪ್ಪಲಿಯನ್ನು ಅವಳು ಕೇಳುವ ಮೊದಲೇ ಹೊಲಿದಿಡುತ್ತಿದ್ದ. ಅವನ ದೋಷವಿದ್ದದ್ದು ಸಿಂದಿ ಬಿಡುತ್ತೇನೆಂಬ ಆಣೆಗಳಲ್ಲಿ. ಒಲೆ ಮುಟ್ಟಿ ಆಣೆ ಮಾಡಿದ, ಭಂಡಾರ ಮುಟ್ಟಿ ಮಾಡಿದ, ಭೂಮಿಯ ಮೇಲೆ, ಸೂರ್ಯನ ಮೇಲೆ ಮಾಡಿದ. ಉಳಿದವನು ಚಂದ್ರನೊಬ್ಬ, ಅವನನ್ನು ಅಮಾವಾಸ್ಯೆಯ ದಿನ ಸಾಕ್ಷಿಗೆ ಕರೆದ. ತಾಯಿ ಧೂಳಮ್ಮ ಮಾತ್ರ ಇದನ್ನು ಹಗುರವಾಗಿ ತೆಗೆದುಕೊಂಡಿದ್ದಳು.

"ನನ್ನ ತಲಿ ಮ್ಯಾಲ ಆಣಿ ಇಟ್ಟು ಏಳು ಸಲ ಮುರದಾನ. ನಾ ಸತ್ತೀನೇನು? ದೇವರು ಸುದ್ದಾ ಇವನ ಮಾತು ಖರೇ ಹಿಡ್ಯಂಗಿಲ್ಲ."

ಗಯಾಬಾಯಿ ಮೊದಲ ವರ್ಷ ಅತ್ತಳು, ಎರಡನೆಯ ವರ್ಷ ಬೈದಳು, ಮೂರನೆಯ ವರ್ಷ ಅವನೇ ಹೊಲಿದ ಚಪ್ಪಲಿಯಿಂದ ಹೊಡೆದಳು. ಆಮೇಲೆ ಮೂರನ್ನೂ ಬಿಟ್ಟಳು. ಮಳೆ ಬಂತೆಂದು ಅವನು ಹೇಳಿದರೆ ಅಂಗಳಕ್ಕಿಳಿದು ಕೈಚಾಚಿ ನೋಡುತ್ತಿದ್ದಳು. ಬೀಸುಕಲ್ಲನ್ನು ಹೊರಲಾರದೆ ಅದರ ಗೂಟವನ್ನಷ್ಟೇ ಅವನು ಎರಡು ಸಲ ಸಿಂದಿಗೆ ಕೊಟ್ಟಿದ್ದರಿಂದ, ಮೂರನೆಯ ಗೂಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದಳು.

ಕಣದಿಂದ ಬಂದ ಸಂಜೆ ಭೀಮಶಾ ಅಂಗಳದಲ್ಲಿ ಅಂಗಾತ ಬಿದ್ದ. ಗಯಾಬಾಯಿ ಪಕ್ಕದಲ್ಲಿ ಕುಳಿತು ಅವನ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿದಳು. ತೇಗು ಬಂತು, ಜೋಳ ಬರಲಿಲ್ಲ.

"ಏನ ಮಾಡಾಕತ್ತೀ ಗಯಾ?" ಎಂದಳು ಧೂಳಮ್ಮ.

"ಪಾಟೀಲ್ರು ಹಿಂಡ ಅಂದಾರ ಅತ್ತಿ. ಹಿಂಡಾಕತ್ತೀನಿ."

"ನಿನಗ ಹ್ಯಾಂಗ ಬರ್ತದ? ತುಂಬಿದವನ ಕೈಲೇ ತಗಸಬೇಕು ಅದನ್ನ."

ಮುದುಕಿ ಚೇಷ್ಟೆಗೆಂದ ಮಾತು ಅದು. ಸೊಸೆ ಚೇಷ್ಟೆಯೆಂದು ತಿಳಿಯಲಿಲ್ಲ.

ನಸುಕಿನಲ್ಲಿ ಮಹೆಬೂಬ ಖಾಲಿ ಬಂಡಿ ಹೊಡೆದುಕೊಂಡು ಕೇರಿಯ ಮುಂದೆ ಬಂದಾಗ ಗಯಾಬಾಯಿ ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿದಳು.

"ಮಹೆಬೂಬಣ್ಣ, ವಾಡೇಕ ಒಂದು ಗಡಿಗಿ ವಾಪಸ್ ಒಯ್ಯೋದದ."

"ಯಾವ ಗಡಿಗಿ ತಂಗಿ?"

ಅವಳು ಗಂಡನನ್ನು ತೋರಿಸಿದಳು. ಮಹೆಬೂಬ ಬಹಳ ಹೊತ್ತು ನಗದೆ ಇರಲು ಯತ್ನಿಸಿ ಸೋತ.

ಪಾಟೀಲನ ಮನೆಯಾದ ವಾಡೆಯ ತಲಬಾಗಿಲ ಮುಂದೆ ಎರಡೂ ಬದಿಗೆ ಗೋಡೆಯಿದ್ದ ಒಂದೇ ಕಟ್ಟೆ. ಅದನ್ನು ದಾಟದೆ ಒಳಗಿನವರು ಹೊರಗೆ ಬರುವಂತಿರಲಿಲ್ಲ. ಬೆಳಕು ಹರಿದಾಗ ಅದರ ಮೇಲೆ ಭೀಮಶಾ ಅಡ್ಡಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಪಾಟೀಲ ಬಾಗಿಲು ತೆರೆದು, ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆಳೆದುಕೊಂಡ.

"ಯಾವ ಹಲ್ಕಟ್ ಒಗದದ್ದು ಇದನ್ನ ಇಲ್ಲಿ?"

"ನಾನ್ರಿ ಪಾಟೀಲ್ರ," ಎಂದಳು ಬೀದಿಯಲ್ಲಿ ನಿಂತ ಗಯಾಬಾಯಿ. "ಹೊಟ್ಟಿ ಹಿಂಡಿ ತಗೋ ಅಂದ್ರಿ. ಹಿಂಡಿ ನೋಡಿದೆ, ಜ್ವಾಳ ಬರಲಿಲ್ಲ. ತುಂಬಿದವರಿಗೆ ತಗಿಯೋದೂ ಗೊತ್ತಿರ್ತದ ಅಂತ ತಂದೀನಿ."

"ಎತ್ತಿ ಒಗೀರಲೇ ಇವನ್ನ."

ಆಳುಗಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಕೇರಿಯವರನ್ನು ಮುಟ್ಟಿದವನು ಐದು ದಿನ ವಾಡೆಯೊಳಗೆ ಕಾಲಿಡಕೂಡದೆಂಬುದು ಪಾಟೀಲನ ಅಜ್ಜನೇ ಮಾಡಿದ್ದ ಕಟ್ಟಳೆ. ಕೋಲಿನಿಂದ ನೂಕಿದರೆ ಹೇಗೆಂದು ಪಾಟೀಲ ಒಳಗೆ ಪೂಜೆಗಿದ್ದ ಮನೆಯ ಅಯ್ಯನನ್ನು ಕೇಳಿದ.

"ಕೋಲಿನ ಈ ತುದಿ ಕೈಯಾಗ ಇರ್ತದಲ್ರಿ," ಎಂದರು ಅಯ್ಯ.

"ನೀರು ಸುರಿದ್ರ?"

"ಅವನ ಮೈ ತೊಳದ ನೀರು ಹೊಸ್ತಿಲಿಗಿ ಬರ್ತದ್ರಿ."

ಮಧ್ಯಾಹ್ನಕ್ಕೆ ಪಾಟೀಲನ ಮಗಳನ್ನು ನೋಡಲು ಹುಮನಾಬಾದಿನಿಂದ ಬೀಗರಾಗುವವರು ಬರಲಿದ್ದರು. ಪಾಟೀಲ ಬೀದಿಯಲ್ಲಿ ಹೋಗುವವನೊಬ್ಬನನ್ನು ಕೂಗಿ ಕೇರಿಗೆ ಹೇಳಿಕಳಿಸಿದ. ಕೇರಿಯೆಲ್ಲ ಬಂದು ಬೀದಿಯಲ್ಲಿ ನಿಂತಿತು. ಯಾರೂ ಕಟ್ಟೆಯ ಹತ್ತಿರ ಬರಲಿಲ್ಲ. ಹಿರಿಯನಾದ ಮಡೆಪ್ಪ ಕೈಮುಗಿದ.

"ಸತ್ತ ದನ ಎಳಿಯೋದು ನಮ್ಮ ಕೆಲಸ್ರಿ ಧಣಿ. ಇವ ಇನ್ನಾ ಗೊರಕಿ ಹೊಡ್ಯಾಕತ್ತಾನ. ಸತ್ತ ಮ್ಯಾಲ ಹೇಳಿ ಕಳಸ್ರಿ, ಜಲ್ದಿ ಬರ್ತೀವಿ."

ಪಾಟೀಲ ಮಹೆಬೂಬನನ್ನು ಕೂಗಿದ. "ನಿನಗೇನು ಮೈಲಿಗಿ ಇಲ್ಲಲ್ಲ, ನೀ ಎತ್ತೋ."

"ಸಿಂದಿ ನಮಗ ಹರಾಮ್ರಿ."

"ದಿನಾ ಗಡಿಗಿ ಹೊರತೀಯಲ್ಲೋ ಭಾಡ್ಯಾ."

"ಮಣ್ಣಿನ ಗಡಿಗ್ಯಾಗ ಇದ್ದದ್ದು ನಡೀತದ್ರಿ. ಹೊಟ್ಟ್ಯಾಗ ಇದ್ದದ್ದಕ್ಕ ಖಾಜಿ ಸಾಹೇಬರನ್ನ ಕೇಳಬೇಕು. ಅವರು ಕಲ್ಯಾಣದಾಗ ಇರ್ತಾರ. ಹೋಗಿ ಬರ್ಲೇನ್ರಿ?"

ಬಿಸಿಲೇರಿದಾಗ ಭೀಮಶಾ ಕಣ್ಣು ತೆರೆದ. ತಲೆಯ ಮೇಲೆ ಪಾಟೀಲನ ಮೀಸೆಯನ್ನು ಕಂಡು ವಿನಯದಿಂದ ಕೇಳಿದ:

"ಪಾಟೀಲ್ರ, ನಮ್ಮ ಮನೀತನಕ ನೀವ್ಯಾಕ ಬರಾಕ ಹೋದ್ರಿ?"

ಉತ್ತರವಾಗಿ ಬಂದ ಬೈಗುಳಕ್ಕೆ ಗಾಬರಿಯಾಗಿ ಏಳಹೋದ. ಕಾಲು ನಿಲ್ಲದೆ ಬಾಗಿಲ ಚೌಕಟ್ಟಿನತ್ತ ಕೈ ನೀಡಿದ. "ಮುಟ್ಟಬ್ಯಾಡಲೇ, ಕೂಡು, ಕೂಡು," ಎಂದು ಒಳಗಿದ್ದವರೆಲ್ಲ ಕೂಗಿದರು. ಅವನು ವಿಧೇಯನಾಗಿ ಮತ್ತೆ ಮಲಗಿದ.

ಊರ ಅಗಸಿಬಾಗಿಲ ಆಚೆ ಬೀಗರ ಎತ್ತಿನ ಗೆಜ್ಜೆ ಕೇಳಿಸಿತು.

"ಹಾಕ್ರಿ ಆ ರಂಡೀಗಿ ಅವಳ ಜ್ವಾಳ," ಎಂದ ಪಾಟೀಲ.

ಆಳು ಹೊಸ್ತಿಲಿಗೆ ಬಂದು, ಚೀಲವನ್ನು ಭೀಮಶಾನ ಆಚೆಗೆ ಚಾಚಿ ಮೇಲಿನಿಂದಲೇ ಬಗ್ಗಿಸಹೋದ. ಗಯಾಬಾಯಿ ಉಡಿಯನ್ನು ಹಿಂದಕ್ಕೆಳೆದುಕೊಂಡಳು.

"ಮ್ಯಾಲಿಂದ ಬ್ಯಾಡ್ರಿ. ಅರ್ಧ ಮಣ್ಣಿಗಿ ಹೋಗ್ತದ. ಬಗ್ಗಿ ಹಾಕ್ರಿ."

ಗೆಜ್ಜೆಯ ಸಪ್ಪಳ ಹತ್ತಿರವಾಯಿತು. ಆಳು ಬಗ್ಗಿದನೆಂದು ಹುಮನಾಬಾದಿನಲ್ಲಿ ಹೇಳುತ್ತಾರೆ. ಅವಸರಕ್ಕೆ ಪಾಟೀಲನೇ ಚೀಲ ಕಸಿದುಕೊಂಡು ಬಗ್ಗಿದನೆಂಬುದು ಕೇರಿಯವರ ಪಾಠ. ಅವರು ಅದರ ಒಂದು ಕಾಳನ್ನೂ ಬಿಟ್ಟುಕೊಡುವುದಿಲ್ಲ.

ಉಡಿ ತುಂಬಿದ ಮೇಲೆ ಗಯಾಬಾಯಿ ಗಂಡನನ್ನು ಕಟ್ಟೆಯಿಂದ ಎಬ್ಬಿಸಿದಳು. ಮನೆಯ ದಾರಿಯಲ್ಲಿ ಭೀಮಶಾ ಹೆಂಡತಿಯ ಹಿಂದೆ ತೂಗಾಡುತ್ತ ನಡೆದ.

"ಗಯಾ, ನಿನ್ನ ಆಣಿ, ಇನ್ನ ಮ್ಯಾಲ..."

"ಬಾಯಿ ಮುಚ್ಚು. ಆಣಿ ಇಡಾಕ ಏನೂ ಉಳದಿಲ್ಲ."

"ಹಂಗಾದ್ರ ನೀ ನನ್ನ ಹ್ಯಾಂಗ ನಂಬತಿ?"

"ನಂಬಂಗಿಲ್ಲ."

ಹತ್ತು ಹೆಜ್ಜೆ ನಡೆದ ಮೇಲೆ, "ಕಣದಾಗ ನಾ ನಗಬಾರದಿತ್ತು," ಎಂದ.

ಗಯಾಬಾಯಿ ತಿರುಗಿ ನೋಡಿದಳು. ಜೋಳದ ಗಂಟನ್ನು ಮಾತ್ರ ಅವನ ಕೈಗೆ ಕೊಡಲಿಲ್ಲ.

ನಾಲ್ಕನೆಯ ದಿನ ಪಾಟೀಲ ಇನ್ನೊಂದು ಕಣದಲ್ಲಿ ಗಡಿಗೆಗಳನ್ನಿಡಿಸಿದ. ಮರುದಿನ ನಸುಕಿನಲ್ಲಿ ಮಹೆಬೂಬನ ಬಂಡಿ ಕೇರಿಯ ಮುಂದೆ ತಾನಾಗಿಯೇ ನಿಂತಿತು. ನಾಲ್ಕು ಮನೆಗಳ ಹೆಂಗಸರು ಕುಡಿದು ಬಿದ್ದ ನಾಲ್ವರು ಗಂಡಂದಿರನ್ನು ಅಂಗಳಕ್ಕೆ ಎಳೆದು ತಂದಿದ್ದರು. ಎಲ್ಲರಿಗಿಂತ ಭಾರವಾದವನು ಆ ಹೆಂಗಸರಲ್ಲೊಬ್ಬಳಾದ ದ್ರೌಪತಿಯ ಗಂಡ. ಅವನನ್ನೆತ್ತಲು ಗಯಾಬಾಯಿ ಸೆರಗು ಬಿಗಿದಳು. ಆಗ ಭೀಮಶಾ ಗುಡಿಸಲಿನಿಂದ ಹೊರಬಂದ. ಗಯಾಬಾಯಿ ಹತ್ತಿರ ಹೋಗಿ ಅವನ ಬಾಯಿ ಮೂಸಿದಳು. ಏನೂ ಇರಲಿಲ್ಲ. ಮತ್ತೊಮ್ಮೆ ಮೂಸಿದಳು.

ಅವನು ಬಿದ್ದವನ ತಲೆಯ ಕಡೆ ಬಗ್ಗಿದ.

"ಆ ಕಡಿ ಬ್ಯಾಡ," ಎಂದಳು. "ತಲಿ ನಾ ಹಿಡೀತೀನಿ. ನೀ ಕಾಲು ಹಿಡಿ. ಬಿಟ್ರೂ ಕಾಲಷ್ಟೇ ಬಿದ್ದಾವು."

ಭೀಮಶಾ ಕಾಲು ಹಿಡಿದ. ಬಂಡಿ ವಾಡೆಯ ಕಟ್ಟೆ ಮುಟ್ಟುವವರೆಗೆ ಬಿಡಲಿಲ್ಲ.