ಕೊಂಡಪ್ಪನ ಸರದಿ

"ಆ ಆಸ್ಪತ್ರೆಯೊಳಕ್ಕೆ ಕಾಲಿಟ್ಟು ನಾನು ಒಂದೇ ಒಂದ್ಸಲ ಗದರಿದೆ ನೋಡು, ಕಂಪ್ಯೂಟರು ಎದ್ದು ನಿಂತು ಕೈ ಮುಗೀತು!" ಏಣಿಯ ತುದಿಯಲ್ಲಿ ನಿಂತು ಶಾಮಿಯಾನದ ಹಗ್ಗ ಜಗ್ಗುತ್ತ ಬೈಲಪ್ಪ ಹೇಳಿದ.

"ಅದಕ್ಕೆ ಕೈ ಎಲ್ಲೈತ್ಲಾ?" ಕೆಳಗೆ ಏಣಿ ಹಿಡಿದಿದ್ದ ಅಪ್ಪಯ್ಯಣ್ಣ ಕೇಳಿದ.

"ಹೆದರಿಕೆ ಆದ್ರೆ ಎಲ್ಲಿಂದಾದ್ರೂ ಬರ್ತವೆ. ನೀನು ಏಣಿ ಹಿಡಿ."

ಶಾಮಿಯಾನ ಒಂದು ಮೂಲೆಯಲ್ಲಿ ಜೋತುಬಿದ್ದೇ ಇತ್ತು. ಅದನ್ನು ನೆಟ್ಟಗೆ ಕಟ್ಟಬಲ್ಲ ಒಬ್ಬನೇ ಮನುಷ್ಯ, ಕೊಂಡಪ್ಪ, ಕೆಳಗೆ ಬೆಂಚಿನ ಮೇಲೆ, ಹಣೆಗೆ ನಾಣ್ಯ ಅಂಟಿಸಿಕೊಂಡು ಮಲಗಿದ್ದ. ಜಡಿಗೇನಹಳ್ಳಿಯ ಸುತ್ತ ಕೊಂಡಪ್ಪನ ಶಾಮಿಯಾನದ ಕೆಳಗೆ ತಾಳಿ ಕಟ್ಟದ ಗಂಡಸಿಲ್ಲ, ಹೆಣವಾಗಿ ಮಲಗದ ಮುದುಕನಿಲ್ಲ. ಆ ಸೀಮೆಯಲ್ಲಿ ಬಿಸಿಲು ಅವನ ಅಪ್ಪಣೆ ಕೇಳಿಕೊಂಡೇ ಬೀಳುತ್ತಿತ್ತು ಎಂದರೂ ಸುಳ್ಳಲ್ಲ. ಮಾತು ಮಾತ್ರ ಕಡಿಮೆ. ಅವನು ದಿನವಿಡೀ ಆಡಿದ್ದನ್ನೆಲ್ಲ ಒಂದು ಬೆಂಕಿಪೊಟ್ಟಣದ ಮೇಲೆ ಬರೆದರೂ ಜಾಗ ಉಳಿಯುತ್ತಿತ್ತು. ಮಿಕ್ಕ ಮಾತೆಲ್ಲ ಪಾಲುದಾರ ಬೈಲಪ್ಪನದು.

ಕೊಂಡಪ್ಪನ ಮಗ ಮುರಳಿ ಟೆಂಪೋವನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ ಹಿಂಬಾಗಿಲು ತೆಗೆದ.

"ಮಣ್ಣು ಆಮೇಲೆ. ಮೊದ್ಲು ಅಪ್ಪನ್ನ ಆಸ್ಪತ್ರೆ ಗೇಟಿನ ಮುಂದೆ ಇಡ್ತೀನಿ. ಹಾಸಿಗೆ ಕೊಡ್ತೀವಿ ಅಂದೋರು ಯಾಕೆ ಮುಂದಕ್ಕಾಕಿದ್ರು, ಹೇಳ್ಲಿ."

"ಇನ್ಯಾಕೆ? ಯಾವನೋ ದೊಡ್ಡ ಕುಳ ಬಂದಿರ್ತಾನೆ," ಎಂದ ಅಪ್ಪಯ್ಯಣ್ಣ. "ಮುಂಚೆ ಡಾಕ್ಟ್ರು ಮೋಸ ಮಾಡಿದ್ರೆ ಮುಖದಲ್ಲಾದ್ರೂ ಗೊತ್ತಾಗ್ತಿತ್ತು. ಈ ಕಂಪ್ಯೂಟರಿಗೆ ಮುಖಾನೇ ಇಲ್ವಲ್ಲ."

ಅಷ್ಟರಲ್ಲಿ ಹಾರ ಹಿಡಿದುಕೊಂಡು ರಂಜಿತ ಬಂದಳು. ಕೊಂಡಪ್ಪನ ತಮ್ಮನ ಮಗಳು. ಅದೇ ಆಸ್ಪತ್ರೆಯಲ್ಲಿ ಹೆಸರು ಬರೆಸುವ ಕೌಂಟರಿನಲ್ಲಿ ಕೆಲಸ. ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಮುರಳಿ ಅಡ್ಡ ನಿಂತ.

"ನೀನು ಮುಟ್ಬೇಡ. ಅಪ್ಪನ್ನ ಆ ಮಿಷನ್ನಿಗೆ ಹಿಡಿದುಕೊಟ್ಟೋಳು ನೀನೇ ಅಲ್ವಾ? ಯಾರ ಹೆಸರನ್ನ ಮೇಲಕ್ಕೆ ಹಾಕ್ದೆ?"

"ನಾನು ಹಾಕೋಕಾಗಲ್ಲಣ್ಣ. ನನ್ ಕೈಲಿಲ್ಲ ಅದು."

"ಕೈಲಿಲ್ಲ ಅಂದ್ರೆ ಗೇಟಿನ ಮುಂದೆ ಬಂದು ಹೇಳು, ಹೆಣದ ಎದುರಿಗೆ."

ಹಾರ ಅವಳ ಕೈಯಲ್ಲೇ ಉಳಿಯಿತು. ಒಬ್ಬ ಹೆಂಗಸೂ ಅವಳಿಗೆ ಚಾಪೆಯ ಮೇಲೆ ಜಾಗ ಬಿಡಲಿಲ್ಲ.

*

ಹೊಸಕೋಟೆಯ ಆಸ್ಪತ್ರೆಯಲ್ಲಿ, ಹೆಸರು ಬರೆಸಲು ಹೋದ ದಿನ, ಕೊಂಡಪ್ಪ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಹೃದಯದ ನಾಳ ಕಟ್ಟಿಕೊಂಡಿದೆ, ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದರು ಡಾಕ್ಟರು. ಹಾಸಿಗೆ ಖಾಲಿಯಿರಲಿಲ್ಲ.

"ಈಗೆಲ್ಲ ಎಐ ಕಂಪ್ಯೂಟರು, ದೊಡ್ಡಪ್ಪ," ರಂಜಿತ ಬಿಡಿಸಿ ಹೇಳಿದ್ದಳು. "ಯಾರಿಗೆ ಮೊದಲು ಹಾಸಿಗೆ ಅಂತ ಅದೇ ನೋಡ್ಕೊಳುತ್ತೆ. ಆಗಾಗ ಫೋನ್ ಮಾಡಿ ಹೆಂಗಿದೀರ ಅಂತ ಕೇಳುತ್ತೆ. ನೋವು ಜಾಸ್ತಿ ಅಂದೋರನ್ನ ಮೊದ್ಲು ತಗೊಳುತ್ತೆ."

"ಕೈ ಹಿಡಿದು ನೋಡಲ್ವಾ?"

"ಇಲ್ಲ. ಮಾತು ಕೇಳಿಸ್ಕೊಳುತ್ತೆ."

"ಮಾತು ನಂಗೆ ಬರಲ್ವಲ್ಲಮ್ಮ," ಅಂದ ಕೊಂಡಪ್ಪ. ಆಮೇಲೆ ತನಗಿದ್ದ ಒಂದೇ ನಂಬರನ್ನು, ಶಾಮಿಯಾನದ ಅಂಚಿನ ಮೇಲೆ ಬಣ್ಣದಲ್ಲಿ ಬರೆಸಿದ್ದ ನಂಬರನ್ನು, ನಿಧಾನವಾಗಿ ಹೇಳಿ ಬರೆಸಿದ.

*

ನಾಲ್ವರು ಚಟ್ಟಕ್ಕೆ ಕೈ ಹಾಕಿದಾಗ ಬೈಲಪ್ಪನ ಅಂಗಿಜೇಬಿನಲ್ಲಿ ಶಾಮಿಯಾನದ ಫೋನು ಬಡಿದುಕೊಂಡಿತು.

"ಯಾರೋ ಮದ್ವೆಯೋರು," ಎನ್ನುತ್ತ ಅವನು ಗುಂಡಿಯ ಮೇಲೆ ಬೆರಳಿಟ್ಟ.

ರಂಜಿತ ಪರದೆಯನ್ನು ನೋಡಿಬಿಟ್ಟಳು. "ಅದು ಆಸ್ಪತ್ರೆ ನಂಬರು! ಕಟ್ ಮಾಡ್ಬೇಡ ಬೈಲಪ್ಪಣ್ಣ. ದೊಡ್ಡಪ್ಪ ಮನೇಲಿ ತೀರ್ಕೊಂಡಿದ್ದು ಅದಕ್ಕೆ ಗೊತ್ತಿಲ್ಲ."

ಮುರಳಿ ಫೋನು ಕಿತ್ತುಕೊಂಡು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ. ಜೇನಿನಲ್ಲಿ ಅದ್ದಿದಂಥ ಹೆಂಗಸಿನ ದನಿ.

"ನಮಸ್ಕಾರ ಕೊಂಡಪ್ಪನವರೇ. ಈಗ ನಿಮ್ಮ ಎದೆನೋವು ಹೇಗಿದೆ? ಕಳೆದ ಬಾರಿ ನೀವು, ನೋವೇ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ, ಎರಡು ಎತ್ತುಗಳನ್ನು ಕಂಕುಳಲ್ಲಿಟ್ಟುಕೊಂಡು ಕೆರೆ ದಾಟುತ್ತೇನೆ ಎಂದು ತಿಳಿಸಿದ್ದರಿಂದ ನಿಮ್ಮ ಹಾಸಿಗೆಯ ಸರದಿಯನ್ನು ಮುಂದೂಡಲಾಗಿತ್ತು. ಈಗಲೂ ಹಾಗೆಯೇ ಇದ್ದೀರಾ?"

ಕೊಂಡಪ್ಪನ ಹೆಂಡತಿ ಮುನಿವೆಂಕಟಮ್ಮ ಸೆರಗಿನಿಂದ ಮುಖ ಎತ್ತಿದಳು.

"ನಮ್ಮನೆಯೋರು ಹಿಂಗೆ ಮಾತಾಡೋರಲ್ಲ," ಅಂದಳು.

ಯಾರೂ ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ.

"ನನ್ನ್ಯಾಕೆ ನೋಡ್ತೀರ?" ಬೈಲಪ್ಪ ನಗಲು ನೋಡಿದ. "ಮಿಷನ್ನು, ಏನೋ ಒದರ್ತೈತೆ..."

"ಹೇಳಿದೋರ ದನೀನೂ ಅದ್ರಲ್ಲಿರುತ್ತೆ ಬೈಲಪ್ಪಣ್ಣ," ಎಂದಳು ರಂಜಿತ.

ಹೊಸಕೋಟೆ ಸಂತೆಯನ್ನೇ ಒಂದು ಬಾಯಲ್ಲಿ ಮಾರಬಲ್ಲ ಬೈಲಪ್ಪ ಟೆಂಪೋದ ಚಕ್ರಕ್ಕೊರಗಿ ಕೂತ.

"ಆಸ್ಪತ್ರೆಗೆ ನಾನು ಹೋಗೇ ಇಲ್ಲ. ಅವ್ನು ಏಣಿ ಮೇಲಿದ್ದ. ಫೋನು ನನ್ ಜೇಬಲ್ಲಿತ್ತು. ಹೆಂಗಿದೀರ ಅಂದ್ಲು. ದನಿ ಚೆನ್ನಾಗಿತ್ತು. ಒಸಿ ನಗ್ಸೋಣ ಅಂತ ಹಂಗಂದೆ. ಮನುಷ್ಯರಾಗಿದ್ರೆ ನಗೋರು, ಇಲ್ಲ, ಮುಚ್ಚಲೇ ಬಾಯಿ ಅನ್ನೋರು. ಇವಳು 'ತುಂಬಾ ಸಂತೋಷ' ಅಂದ್ಲು."

"ಅಪ್ಪ ಆಗ ಏನ್ ಮಾಡ್ತಿದ್ದ?" ಮುರಳಿ ಕೇಳಿದ.

"ಎದೆ ಹಿಡ್ಕೊಂಡು ಇಳೀತಿದ್ದ. ನೋಡ್ದೆ." ಬೈಲಪ್ಪ ಸುತ್ತ ನೆರೆದಿದ್ದವರನ್ನು ಒಬ್ಬೊಬ್ಬರಾಗಿ ನೋಡಿದ. "ನಾನ್ ಹುಟ್ಟಿದಾಗಿಂದ ನನ್ನ ಮಾತ್ನ ನಿಮ್ಮಲ್ಲಿ ಒಬ್ರಾದ್ರೂ ನಂಬಿದೀರಾ? ಹೇಳ್ರಪ್ಪಾ. ಅದು ನಂಬಿಬಿಡ್ತದೆ ಅಂತ ನಂಗೇನ್ ಗೊತ್ತು?"

"ಒಂದ್ಸಲ ಯಾರಾದ್ರೂ ಬಂದು ಅವನ ಕೈ ಹಿಡಿದು ನೋಡಿದ್ರೆ ಆಗ್ತಿತ್ತು," ಅಪ್ಪಯ್ಯಣ್ಣ ಯಾರಿಗೂ ಅಲ್ಲದಂತೆ ಅಂದ.

ರಂಜಿತ ತಲೆ ತಗ್ಗಿಸಿದಳು. ಮುರಳಿ ಟೆಂಪೋದ ಹಿಂಬಾಗಿಲು ಮುಚ್ಚಿ, ಹಾರ ಹಾಕಲು ಅವಳಿಗೆ ದಾರಿ ಬಿಟ್ಟು ಸರಿದು ನಿಂತ.

"ಕ್ಷಮಿಸಿ, ನಿಮ್ಮ ಉತ್ತರ ಕೇಳಿಸಲಿಲ್ಲ," ಎಂದಿತು ಫೋನು. "ಹೇಗಿದ್ದೀರಿ?"

ಮುನಿವೆಂಕಟಮ್ಮ ಎದ್ದು ಬಂದು ಅದನ್ನು ಮಗನ ಕೈಯಿಂದ ತೆಗೆದು ಬೈಲಪ್ಪನ ಬಾಯಿಗೆ ಹಿಡಿದಳು.

"ಹೇಳು. ಈಗ ಇದ್ದಿದ್ದು ಇದ್ದಂಗೆ ಹೇಳು."

"ನಾನು ಕೊಂಡಪ್ಪ ಅಲ್ಲ ಕಣಮ್ಮ, ಬೈಲಪ್ಪ," ಅಂದ ಅವನು. "ಅವತ್ತು ಹೇಳಿದ್ದು ಸುಳ್ಳು. ಅವನಿಗೆ ನೋವಿತ್ತು. ಸತ್ತೋದ."

"ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ."

ಬೈಲಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಿವುಡು ಮುದುಕಿಯ ಕಿವಿಗೆ ಬಾಗುವಂತೆ ಬಾಗಿ, ಇನ್ನೂ ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದ.